ಉತ್ತರಕ್ಕೆ ಹುಟ್ಟಿದ ಸೂರ್ಯ

ತೊಂಬತ್ತರ ದಶಕದಲ್ಲಿ ಬಾಗಲಗುಂಟೆಯ ನಮ್ಮ ಬೀದಿಗೆ ವಾಸ್ತು ಎಂಬುದು ಫ್ಲೂ ಜ್ವರದ ಹಾಗೆ ಬಂತು. ಒಬ್ಬರ ಮನೆಯ ಬಾಗಿಲು ಮುಚ್ಚಿತು, ಇನ್ನೊಬ್ಬರ ಮೆಟ್ಟಿಲು ಎಡದಿಂದ ಬಲಕ್ಕೆ ಹೋಯಿತು. ನಮ್ಮ ಯಜಮಾನರ ಪ್ರಮೋಷನ್ ನಿಲ್ಲುವವರೆಗೂ ನಾನು ನಗುತ್ತಲೇ ಇದ್ದೆ.

ಅವರು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಂಜಿನಿಯರ್. ಕೂದಲೆಳೆಯ ದಪ್ಪವನ್ನೂ ಮತ್ತೆ ಮತ್ತೆ ಅಳೆದೇ ನಂಬುವ ಮನುಷ್ಯ. ಅಂಥವರು ಒಂದು ಭಾನುವಾರ ವಾಸ್ತು ಕನ್ಸಲ್ಟೆಂಟ್ ಒಬ್ಬರನ್ನು ಕರೆತಂದರು. ಸಫಾರಿ ಸೂಟು, ಹಣೆಗೆ ವಿಭೂತಿ, ಕೈಯಲ್ಲಿ ಬ್ರೀಫ್‌ಕೇಸ್. ಅದರೊಳಗಿಂದ ಕಂಪಾಸ್ ತೆಗೆದು ಹಾಲಿನ ಟೀಪಾಯ್ ಮೇಲಿಟ್ಟರು.

"ಅಡಿಗೆಮನೆ ಈಶಾನ್ಯದಲ್ಲಿದೆ ಸಾರ್. ದೇವಮೂಲೇಲಿ ಬೆಂಕಿ ಇಟ್ಕೊಂಡಿದೀರ. ಪ್ರಮೋಷನ್ ಎಲ್ಲಿಂದ ಬರುತ್ತೆ?"

ಅಡಿಗೆಮನೆಯನ್ನು ಒಡೆಸಿ, ಹಿಂದಿನ ಕತ್ತಲೆ ಸ್ಟೋರ್ ರೂಮಿಗೆ ಸಾಗಿಸಬೇಕಂತೆ. ಇಬ್ಬರೂ ಮಾತಾಡಿಕೊಂಡು, ಸೋಮವಾರವೇ ಬರುವಂತೆ ಮೇಸ್ತ್ರಿಗೆ ಹೇಳಿ ಕಳಿಸಿಯೂ ಆಯಿತು. ರೊಟ್ಟಿ ಬಡಿಯುವ ಕಟ್ಟೆಯನ್ನು ನನ್ನ ಎತ್ತರಕ್ಕೆ ಸರಿಯಾಗಿ ಕಟ್ಟಿಸಿಕೊಂಡಿದ್ದೆ ನಾನು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದು 'ಡೋಂಟ್ ಆನ್ಸರ್ ಬ್ಯಾಕ್' ಎಂದು. ಕಾಫಿ ಟ್ರೇ ಹಿಡಿದು ನಿಂತೇ ಕೇಳಿದೆ, ತುಂಬ ಪೊಲೈಟ್ ಆಗಿಯೇ.

"ಸಾರ್, ಉತ್ತರ ಯಾವ ಕಡೆ?"

ಅವರು ಅಡಿಗೆಮನೆಯ ಕಿಟಕಿಯತ್ತ ಕೈ ತೋರಿಸಿದರು.

"ದಿನಾ ಬೆಳಿಗ್ಗೆ ಬಿಸಿಲು ಅದೇ ಕಿಟಕೀಲಿ ಬರುತ್ತಲ್ಲ. ನಮ್ಮನೇಲಿ ಮಾತ್ರ ಸೂರ್ಯ ಉತ್ತರಕ್ಕೆ ಹುಟ್ತಾನಾ?"

"ತಾಯೀ, ಸೂರ್ಯ ಓಡಾಡ್ತಾನೆ. ಉತ್ತರಾಯಣ ಅಂತ ಕೇಳಿಲ್ವಾ? ಕಂಪಾಸಿನ ಮುಳ್ಳು ಓಡಾಡಲ್ಲ."

"ನೀನು ಸುಮ್ನಿರೇ, ಅವ್ರು ಎಕ್ಸ್‌ಪರ್ಟು" ಎಂದರು ನಮ್ಮವರು.

ಟ್ರೇ ಇಡಲು ಜಾಗ ಬೇಕಿತ್ತು. ಕಂಪಾಸ್ ಎತ್ತಿದೆ. ಓಡಾಡದ ಮುಳ್ಳು ಗಿರ್ರನೆ ತಿರುಗಿತು. ಹೊರಗೆ ವರಾಂಡಕ್ಕೆ ಒಯ್ದರೆ, ಉತ್ತರ ಅಡಿಗೆಮನೆಯ ಕಿಟಕಿಯ ಕಡೆಗಲ್ಲ, ಪಕ್ಕದ ಮನೆಯ ಕಡೆಗಿತ್ತು.

ನಮ್ಮವರು ಟೀಪಾಯನ್ನೇ ನೋಡುತ್ತ ನಿಂತರು. ಅದರ ಮೇಲ್ಭಾಗ ಅವರೇ ಪೀಣ್ಯದ ಶೆಡ್ಡೊಂದರಲ್ಲಿ ನುಣ್ಣಗೆ ಗ್ರೈಂಡ್ ಮಾಡಿಸಿದ ಉಕ್ಕಿನ ಪ್ಲೇಟು. ಗ್ರೈಂಡ್ ಮಾಡುವಾಗ ಪ್ಲೇಟು ಅಲುಗದಿರಲೆಂದು ಕೆಳಗಿನಿಂದ ಅಯಸ್ಕಾಂತ ಹಿಡಿದಿರುತ್ತದಂತೆ. ಆಮೇಲೆ ಪ್ಲೇಟಿನಲ್ಲಿ ಉಳಿದುಬಿಡುವ ಆ ಸೆಳೆತವನ್ನು ತೆಗೆಯಬೇಕು. ನನ್ನ ಗುಂಡುಸೂಜಿಗಳು ಅದಕ್ಕೆ ಅಂಟಿಕೊಳ್ಳುವುದನ್ನು ಮನೆಮಂದಿಯೆಲ್ಲ ನೋಡಿದ್ದೆವು, ಯಾಕೆಂದು ಯಾರೂ ಯೋಚಿಸಿರಲಿಲ್ಲ.

"ಡೀಮ್ಯಾಗ್ನೆಟೈಸ್ ಮಾಡ್ಸೋದೇ ಮರ್ತುಬಿಟ್ಟಿದೀನಿ ಕಣೇ" ಎಂದರು. ಅವರಿಲ್ಲದ ಈ ದಿನಗಳಲ್ಲೂ ಆ ಮುಖ ನೆನೆದರೆ ನಗು ಬರುತ್ತದೆ.

ಕನ್ಸಲ್ಟೆಂಟ್ ಸ್ವಲ್ಪವೂ ಅಳುಕಲಿಲ್ಲ. "ಹಂಗಾದ್ರೆ ಅಡಿಗೆಮನೆ ಆಗ್ನೇಯ. ಫಸ್ಟ್ ಕ್ಲಾಸ್. ಆದ್ರೆ ನಿಮ್ಮ ಬೆಡ್‌ರೂಮು..."

"ಕಾಫಿ ಆರೋಗುತ್ತೆ, ಕುಡೀರಿ ಸಾರ್" ಎಂದರು ನಮ್ಮವರು.

ಮೇಸ್ತ್ರಿಗೆ ಬೇಡವೆಂದು ಹೇಳಿ ಕಳಿಸಲು ಯಾರಿಗೂ ನೆನಪಾಗಲಿಲ್ಲ. ಸೋಮವಾರ ಬೆಳಿಗ್ಗೆ ಆತ ಸುತ್ತಿಗೆ ಸಮೇತ ಹಾಜರು.

"ಎಲ್ಲಿ ಒಡೀಬೇಕು ಸಾರ್?"

ನಮ್ಮವರು ಶೂ ಲೇಸ್ ಕಟ್ಟುತ್ತ, "ನನ್ನ ಕೇಳ್ಬೇಡಪ್ಪ, ಅವಳನ್ನ ಕೇಳು" ಎಂದರು.

ಮನೆ ಕಟ್ಟಿದಾಗಲೂ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಯೋಚಿಸಿ, ಅಡಿಗೆಮನೆಗೂ ಹಾಲಿಗೂ ನಡುವಿನ ಗೋಡೆ ತೋರಿಸಿದೆ. "ಇಲ್ಲೊಂದು ಕಿಟಕಿ ಬಿಡಿ."

"ಒಗ್ಗರಣೆ ಘಾಟೆಲ್ಲ ಹಾಲಿಗೆ ಬರುತ್ತಲ್ಲಕ್ಕ?"

"ಬರ್ಲಿ. ಹಾಲಲ್ಲಿ ಏನ್ ಮಾತಾಡ್ತಾರೆ ಅಂತ ನಂಗೆ ಕೇಳಿಸ್ಬೇಕು."