ಬುಧವಾರದ ತಲೆಸ್ನಾನ

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನನ್ನ ಜೊತೆ ಜಗಳ ಆಡುವವರೇ ಇಲ್ಲವಾದರು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ಜೀವಮಾನವೆಲ್ಲ ಕೂಗಾಡಿದವನು ನಾನು. ಮೊದಲಾಗಿದ್ದರೆ, ಸಾರಿಗೆ ಉಪ್ಪಿಲ್ಲವೆಂದು ರೇಗಿದಾಗ ನನ್ನ ಹೆಂಡತಿ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದಳು. ಈಗ, "ಆಯ್ತು ಕಣ್ರೀ, ನೀವು ಸಮಾಧಾನವಾಗಿರಿ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಸಾರಿನ ಹಾಗೆ ಮಾತೂ ಸಪ್ಪೆ. ಅಪಘಾತದ ಸುದ್ದಿ ಇರುವ ಪೇಪರು ನನ್ನ ಕೈಗೆ ಬರುತ್ತಿರಲಿಲ್ಲ. ಅಗ್ರಹಾರದ ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ, "ಮಗಳ ಮನೆಗೆ ಹೋಗಿದ್ದಾರಂತೆ" ಎನ್ನುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ, "ಹಾರ್ಟ್ ಫಸ್ಟ್‌ಕ್ಲಾಸಾಗಿದೆ ಸಾರ್" ಎಂದರು. ಹಾಗಾದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೂ ನನಗೆ ಯಾಕೆ ಬೇಡವಾಗಿತ್ತು? ಅದನ್ನೇ ಕೇಳಿದೆ. "ಎದೆಗೆ ಆದವರಿಗೆ ಹೀಗಾಗೋದುಂಟು, ಮನಸ್ಸಿನ ಡಾಕ್ಟರನ್ನೂ ಒಂದ್ಸಲ ನೋಡ್ಬುಡಿ" ಎಂದರು. ಆಚೆ ಬಂದವಳೇ ನನ್ನ ಹೆಂಡತಿ, "ನಮ್ಮನೇಲಿ ಯಾರಿಗೂ ತಲೆ ಕೆಟ್ಟಿಲ್ಲ" ಎಂದಳು. ನಾನು ಹೂಂ ಅಂದೆ. ವಾದ ಮಾಡುವುದಕ್ಕೂ ತ್ರಾಣ ಬೇಕಲ್ಲ! ದಿನಾ ಅವಳು ನೀರು ಕಾಯಿಸಿಟ್ಟು ಸ್ನಾನಕ್ಕೆ ಕರೆಯುವುದು, ನಾನು "ನಾಳೆ" ಎಂದು ಗೋಡೆ ಕಡೆ ತಿರುಗಿ ಮಲಗುವುದು. ಸಾಯಬೇಕು ಅನ್ನಿಸುತ್ತಿರಲಿಲ್ಲ. ಇದ್ದು ಮಾಡಬೇಕಾದ್ದೇನು ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ನನಗೊಬ್ಬಳು ಅಕ್ಕ. ದೇವರಾಜ ಮೊಹಲ್ಲಾದಲ್ಲಿ ಅವಳ ಮನೆ. ಬೆಳಗಿನ ಕಾಫಿ ಮುಗಿಸಿ ನನಗೆ ಫೋನ್ ಮಾಡುವುದು ಅವಳ ಪದ್ಧತಿ. "ಏನೋ, ಇದ್ದೀಯೇನೋ?" ಎನ್ನುವಳು. "ಇದ್ದೀನಿ ಕಣಕ್ಕಾ" ಎನ್ನುವೆ. "ಸದ್ಯ, ಹೋಗ್ಬುಟ್ಟೆ ಅನ್ಕೊಂಡಿದ್ದೆ" ಎಂದು ನಗುವಳು. ಅಷ್ಟಾದರೆ ಇಬ್ಬರಿಗೂ ಬೆಳಗಾದಂತೆ. ನನಗೆ ಎದೆಗೆ ಆದ ಮೇಲೆ ಫೋನು ನನ್ನ ಹೆಂಡತಿಯ ವಶವಾಯಿತು. "ಅಕ್ಕ ಮಾಡಿದ್ರು, ಮಲಗಿದ್ದಾರೆ ಅಂದೆ" ಎನ್ನುತ್ತಿದ್ದಳು. ಆಮೇಲಾಮೇಲೆ ಅದನ್ನೂ ಹೇಳುವುದು ನಿಂತಿತು. ಅಕ್ಕನಿಗೂ ನಾನು ಸಾಕಾದೆನಲ್ಲ ಎಂದು ಬಹಳ ನೋವಾಯಿತು. ಬಾಯಿಬಿಟ್ಟು ಕೇಳಲಿಲ್ಲ.

ಅವತ್ತು ಬುಧವಾರ. ಮಾರ್ಕೆಟ್ಟಿಗೆ ಹೋಗಿಬರುತ್ತೇನೆಂದು ಹೊರಟ ನನ್ನ ಹೆಂಡತಿ ಮಧ್ಯಾಹ್ನವಾದರೂ ಬರಲಿಲ್ಲ. ಬಂದವಳು ಮುಂಬಾಗಿಲಿಗೆ ಬರದೆ, ಪಕ್ಕದ ಓಣಿಯಿಂದ ನೇರ ಹಿತ್ತಲಿನ ಬಚ್ಚಲಿಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಆಮೇಲೆ ನಡುಮನೆಗೆ ಬಂದಳು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ತಲೆಗೆ ಎರೆದುಕೊಳ್ಳುವುದು ಮಂಗಳವಾರ, ಶುಕ್ರವಾರ, ಬಿಟ್ಟರೆ ಹಬ್ಬದ ದಿನ. ಬುಧವಾರ ಮಟಮಟ ಮಧ್ಯಾಹ್ನ ನಮ್ಮಂಥ ಮನೆಗಳಲ್ಲಿ ಹೆಂಗಸರು ತಲೆಸ್ನಾನ ಮಾಡಬೇಕಾದರೆ ಒಂದೇ ಕಾರಣ, ಸಾವಿನ ಮನೆಗೆ ಹೋಗಿಬಂದಿರಬೇಕು. ಬಾಯಿಗೆ ಬೀಗ ಹಾಕಿಕೊಂಡವಳಿಗೆ ಮೈಲಿಗೆ ಮುಚ್ಚಿಡಲು ಮನಸ್ಸು ಬಂದಿರಲಿಲ್ಲ.

"ಯಾರು?" ಎಂದೆ.

"ಯಾರೂ ಇಲ್ಲ. ಸೆಕೆ ಅಂತ ಎರೆದುಕೊಂಡೆ ಕಣ್ರೀ."

"ತರಕಾರಿ ಎಲ್ಲಿ?"

ಅವಳು ನಿಂತಲ್ಲೇ ಕುಸಿದು ಕೂತು ಅಳತೊಡಗಿದಳು. ನನಗೆ ತಿಳಿಯಿತು.

"ಅಕ್ಕನಾ?"

"ತಿಂಗಳಿಂದ ಹಾಸಿಗೆ ಹಿಡಿದಿದ್ರು. ನಿಮ್ಮ ಎದೆ ತಡಕೊಳ್ಳಲ್ಲ ಅಂತ ಯಾರೂ ಹೇಳಲಿಲ್ಲ."

"ಈಗ ಹೋದರೆ ಮುಖ ನೋಡಬಹುದೇನೇ?"

"ಇಲ್ಲ ಕಣ್ರೀ. ಎಲ್ಲಾ ಮುಗೀತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಂಟಲು ಹರಿಯುವಂತೆ ಕೂಗಿದೆ. "ನನ್ನಕ್ಕ ಕಣೇ ಅವಳು! ನನ್ನ ಕೇಳದೆ ಕಳಿಸಿಬುಟ್ರಲ್ಲ! ಬದುಕಿರೋನು ಅಂತ ಒಬ್ಬರಾದರೂ ನನ್ನ ಲೆಕ್ಕಕ್ಕೆ ಇಟ್ಟಿದ್ದೀರಾ?" ಎದೆ ಹೊಡೆದುಕೊಂಡಿತು, ಒಡೆಯಲಿಲ್ಲ. ಅವಳು ಮಾತ್ರೆ ಡಬ್ಬಿಗೆ ತಡಕಾಡಿದಳು. ನಂತರ ಅವಳೂ ಕೂಗಿದಳು. "ನನಗೆ ಮಾತ್ರ ಸುಖವೇ? ಅವರು ಹಾಸಿಗೇಲಿ ಮಲಗಿ ನಿಮ್ಮನ್ನೇ ಕೇಳೋರು. ಇಲ್ಲಿ ನಿಮ್ಮ ಮುಂದೆ ನಗ್ತಾ ನಿಂತ್ಕೋಬೇಕು. ನನಗೂ ಸಾಕಾಗಿಹೋಯ್ತು ಕಣ್ರೀ." ಎಷ್ಟೋ ಕಾಲದ ಮೇಲೆ ಅವಳು ನನಗೆ ಎದುರು ಮಾತಾಡಿದ್ದಳು. ಅವಳ ಮುಖ ಎಷ್ಟು ಇಳಿದುಹೋಗಿದೆ ಎಂದು ಆಗ ನೋಡಿದೆ.

ಸುದ್ದಿ ಕಿವಿಗೆ ಬಿದ್ದ ಮೇಲೆ ನಾನೂ ಸ್ನಾನ ಮಾಡಬೇಕು. ಗೋಡೆ ಹಿಡಿದುಕೊಂಡು ಎದ್ದೆ. ಅವಳು ಬೇಗಬೇಗ ನೀರು ತೋಡಿಕೊಟ್ಟು, "ಚಿಲಕ ಹಾಕ್ಕೋಬೇಡಿ" ಎಂದು ಬಚ್ಚಲ ಹೊರಗೇ ನಿಂತಳು. ತಲೆಯ ಮೇಲೆ ಒಂದು ಚೊಂಬು ಸುರಿದುಕೊಂಡೆ. ಅಷ್ಟು ತಿಂಗಳು ಒಂದು ಹನಿ ಬಾರದ ಅಳು ಅಲ್ಲಿ ಬಂತು. ಚೊಂಬು ಕೆಳಗಿಟ್ಟು, ಕಲ್ಲಿನ ಮೇಲೆ ಕೂತು ಅತ್ತೆ.

ನೀರಿನ ಸದ್ದು ನಿಂತದ್ದಕ್ಕೆ ಹೊರಗೆ ಅವಳಿಗೆ ಗಾಬರಿಯಾಗಿರಬೇಕು. ಬಾಗಿಲು ತಟ್ಟಿದಳು.

"ರೀ, ಇದ್ದೀರೇನ್ರೀ?"

ಹಳೇ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

"ಇದ್ದೀನಿ ಕಣಕ್ಕಾ."