ಗೋಡೆಯೊಳಗಿಂದ ಬಂದ ಗುಂಡು

ಗೆಳೆಯರೇ, ಇವತ್ತು ನನ್ನ ಮೇಲೆ ಕಳ್ಳಾಟದ ಆಪಾದನೆ ಬಂತು. ಉಪ್ಪಾರಹಳ್ಳಿಯ ಸೈಬರ್ ಕೆಫೆಯಲ್ಲಿ ನಾವು ನಾಲ್ವರು ಗುಂಡು ಹಾರಿಸುವ ಗೇಮ್ ಆಡುತ್ತಿದ್ದೆವು. ಅಲ್ಲಿನ ಸಿಸ್ಟಮ್‌ಗಳಲ್ಲಿ ಎಲ್ಲರ ಹೆಸರೂ ‘ಪ್ಲೇಯರ್’ ಅಂತಲೇ ಬರುತ್ತದೆ. ಗುಬ್ಬಿಯ ಮಂಜ ಪದೇ ಪದೇ ಸಾಯುತ್ತಿದ್ದ. ಗುಂಡು ಬರುತ್ತಿದ್ದದ್ದು ಮ್ಯಾಪಿನ ಕೊನೆಯ ಗೋಡೆಯೊಳಗಿಂದ.

“ನೀನೇ ಅಲ್ಲಿ ಸೇರ್ಕೊಂಡಿದೀಯ ಕಣೋ! ಅದಕ್ಕೇ ಮೂಲೆ ಸಿಸ್ಟಮ್ ಹಿಡ್ದಿರೋದು,” ಎಂದು ನನ್ನ ಮೇಲೆ ಎಗರಿದ. ಉಳಿದಿಬ್ಬರೂ ನನ್ನನ್ನೇ ದುರುಗುಟ್ಟಿ ನೋಡಿದರು. ಸಿಟ್ಟು ಬಂದು ಮೌಸ್ ಬಿಟ್ಟು ಎದ್ದು ನಿಂತೆ. ಆಗಲೂ ಮಂಜ ಸತ್ತ!

ಕೌಂಟರಿನಲ್ಲಿ ನಗು ಕೇಳಿತು. ಟೈಪಿಂಗ್ ಮಾಡುತ್ತಿದ್ದಾರೆ ಅಂದುಕೊಂಡಿದ್ದ ಕೆಫೆಯ ಶೈಲಕ್ಕ ನಮ್ಮ ಆಟಕ್ಕೇ ಸೇರಿಕೊಂಡಿದ್ದರು. “ಮ್ಯಾಪಿನ್ ಕೊನೇಲಿರೋ ಪೆಟ್ಟಿಗೆ ಹಿಂದೆ ಗೋಡೇಲಿ ಸಂದಿ ಐತೆ ಕಣ್ರೋ, ಯಾರೂ ನೋಡೇ ಇಲ್ವಾ?”

ಮಂಜ ನನಗೆ ಸಾರಿ ಕೂಡ ಹೇಳಲಿಲ್ಲ. “ಅಕ್ಕಾ, ಮುಂದಿನ್ ಆಟ ನಮ್ ಟೀಮಿಗೆ ಬಂದ್ಬುಡಿ,” ಎಂದು ಕೈ ಮುಗಿದ. ಮುಂದಿನ ಆಟಕ್ಕೆ ಎರಡು ಟೀಮು, ಟೀಮಿಗೆ ಇಬ್ಬರೇ ಸಾಕಂತೆ; ಅಕ್ಕ ಸೇರಿ ನಾವು ಐವರು. ಹೊರಗೆ ಕೂತವನು ನಾನು.