ಪಟ್ಟಿ ಅಕ್ಕನ ಸೀಸದ ಅಳತೆಗೋಲು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪಟ್ಟಿ ಅಕ್ಕ ಹದಿಮೂರು ವರ್ಷದ ಒಬ್ಬ ಹುಡುಗಿಯ ಬೆನ್ನಿಗೆ ಸೀಸದ ಪಟ್ಟಿ ಒತ್ತುತ್ತಿದ್ದಳು. ಕತ್ತಿನ ಬುಡದಿಂದ ಶುರುಮಾಡಿ, ಹೆಬ್ಬೆರಳಿನಿಂದ ಅಂಗುಲ ಅಂಗುಲವಾಗಿ ಅದುಮುತ್ತಾ, ಬೆನ್ನು ಉಬ್ಬಿದಲ್ಲಿ ಉಬ್ಬಿಸಿ, ತಗ್ಗಿದಲ್ಲಿ ತಗ್ಗಿಸಿ, ಸೊಂಟದವರೆಗೆ ತಂದಳು. ಆಮೇಲೆ ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಅದನ್ನು ಎತ್ತಿ, ಮೇಜಿನ ಮೇಲೆ ಹಾಸಿದ್ದ ಕಂದು ಕಾಗದದ ಮೇಲೆ ಮಲಗಿಸಿ, ಅಂಚಿನಗುಂಟ ಪೆನ್ಸಿಲ್ ಎಳೆದಳು. ಹುಡುಗಿಯ ಬೆನ್ನು ಇದ್ದದ್ದು ಇದ್ದಹಾಗೆ ಕಾಗದಕ್ಕೆ ಇಳಿಯಿತು.

"ತಣ್ಣಗಾಯ್ತಾ?"

"ಇಲ್ಲ, ಕಚಗುಳಿ ಆಯ್ತು."

"ಪುಣ್ಯಕ್ಕೆ ನಗಲಿಲ್ಲ ನೀನು. ನಕ್ಕಿದ್ರೆ ಮತ್ತೆ ಕತ್ತಿಂದ ಶುರು ಮಾಡ್ಬೇಕಿತ್ತು."

ತಣ್ಣಗಾಗದಿರಲು ಕಾರಣವಿತ್ತು. ಬೆನ್ನಿಗೆ ಇಡುವ ಮೊದಲು ಪಟ್ಟಿಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಅಕ್ಕನ ಅಭ್ಯಾಸ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ ಇರುವ ಕಾರ್ಯಾಗಾರ ಅವಳದು. ಸೊಟ್ಟಗೆ ಬೆಳೆಯುವ ಬೆನ್ನುಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಡುವುದು ಕೆಲಸ. ಕವಚ ಅಂತ ಯಾರೂ ಅನ್ನುವುದಿಲ್ಲ, ಎಲ್ಲರಿಗೂ ಅದು ಬೆಲ್ಟು. ಗೋಡೆಯ ಮೇಲೆ ಸುಣ್ಣದಂತೆ ಪ್ಲಾಸ್ಟರಿನ ಪುಡಿ, ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿಸುವ ಒಲೆ, ಕಿಟಕಿಯಾಚೆ ಒಣಗುವ ಬಿಳಿ ಚಾದರಗಳು. ಬೇರೆ ಕಡೆ ಅಳತೆಗೆ ಯಂತ್ರಗಳು ಬಂದಿವೆ. ಇಲ್ಲಿಗೂ ಒಂದು ಬಂದಿತ್ತು, ಕೆಟ್ಟು ಕೂತಿದೆ. ಅಕ್ಕನ ಪಟ್ಟಿ ಕೆಡುವ ಜಾತಿಯದ್ದಲ್ಲ.

ಬೆಲ್ಟಿಗೆ ಒಂದು ನಿಯಮವಿದೆ: ದಿನಕ್ಕೆ ಇಪ್ಪತ್ತಮೂರು ಗಂಟೆ ಅದು ಮೈಮೇಲಿರಬೇಕು. ಈ ವಿಷಯದಲ್ಲಿ ಅಕ್ಕ ಯಾರ ಮುಲಾಜೂ ನೋಡಿದವಳಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳಿಗೂ, ಮಕ್ಕಳ ಪರ ಬಾಯಿ ಹಾಕಿದ ಅಪ್ಪಂದಿರಿಗೂ ಒಂದೇ ಮಂಗಳಾರತಿ. "ಕೈಯಲ್ಲಿ ಸೀಸ, ಬಾಯಲ್ಲಿ ಉಕ್ಕು ಕಣೇ ನೀನು," ಎಂದು ಅವಳ ಅಣ್ಣ ರೇಗಿಸುತ್ತಿದ್ದ.

ಅಣ್ಣ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು. ರಜೆಯ ದಿನ ತಂಗಿಯ ಮನೆಗೆ ಊಟಕ್ಕೆ ಬಂದರೆ ಎಲೆಗೆ ಬಡಿಸುವ ಮೊದಲೇ ಪಾಠ ಬಡಿಸುವವನು. ಹಿಂದಿನ ವಾರ ಬಂದವನೇ, "ನಿನ್ನ ಪಟ್ಟಿ ಬಗ್ಗೆ ಅರಿಸ್ಟಾಟಲ್ ಬರೆದಿದ್ದಾನೆ ಗೊತ್ತಾ?" ಅಂದ.

"ನನ್ನನ್ನ ಕೇಳದೇನಾ?"

"ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ. ಆಗ ನೀನು ಸ್ವಲ್ಪ ಚಿಕ್ಕೋಳು. ಕೇಳಿಲ್ಲಿ. ಗ್ರೀಕರ ಒಂದು ದ್ವೀಪದಲ್ಲಿ ಕಲ್ಲುಕೆಲಸದವರು ಸೀಸದ ಅಳತೆಗೋಲು ಇಟ್ಕೊಂಡಿದ್ರಂತೆ. ಕಲ್ಲು ಡೊಂಕಿದ್ರೆ ಕೋಲೂ ಡೊಂಕು. ಕಾನೂನೂ ಹಂಗೇ ಇರ್ಬೇಕು ಅಂತಾನೆ ಅವನು. ಕಾನೂನು ಮಾಡೋನು ಎಲ್ಲರನ್ನೂ ಮನಸ್ಸಲ್ಲಿಟ್ಕೊಂಡು ಒಂದು ಮಾತು ಹೇಳಿರ್ತಾನೆ. ಅವನು ಊಹಿಸದೇ ಇದ್ದ ಒಬ್ಬ ಎದುರಿಗೆ ಬಂದ್ರೆ, ಕಾನೂನು ಮಾಡ್ದೋನೇ ಅಲ್ಲಿದ್ದಿದ್ರೆ ಏನು ಹೇಳ್ತಿದ್ದ ಅಂತ ಯೋಚಿಸಿ ಕೋಲು ಬಗ್ಗಿಸ್ಬೇಕು. ಇವತ್ತಿಗೂ ನ್ಯಾಯಾಧೀಶರು ಅದೇ ದಾರೀಲಿ ಯೋಚನೆ ಮಾಡ್ತಾರೆ."

"ಪಟ್ಟಿ ಎಷ್ಟು ದಪ್ಪ ಇತ್ತಂತೆ?"

"ಅದನ್ನ ಬರೆದಿಲ್ಲ ಮಾರಾಯ್ತಿ!"

"ಬರೀಬೇಕಿತ್ತು. ಬಗ್ಗೋದು ದೊಡ್ಡ ವಿಷಯ ಅಲ್ಲ ಅಣ್ಣ. ರಬ್ಬರೂ ಬಗ್ಗತ್ತೆ. ಕೈ ಬಿಟ್ರೆ ಅದರ ಪಾಡಿಗೆ ಅದು. ಸೀಸ ಬಗ್ಗಿದ ಜಾಗದಲ್ಲೇ ನಿಲ್ಲತ್ತೆ, ಅದಕ್ಕೇ ಅದು ಅಳತೆಗೋಲು."

"ಸರಿ, ಮುಂದಿನ ಸಲ ಅವನು ಸಿಕ್ಕಿದ್ರೆ ಹೇಳ್ತೀನಿ. ಈಗ ನೀರು ಕೊಡು."

ಮಾತು ಅಲ್ಲಿಗೆ ಮುಗಿದಿತ್ತು. ಅಕ್ಕನ ತಲೆಯಲ್ಲಿ ಮಾತ್ರ ಅದು ಚಪ್ಪಲಿಗೆ ಸಿಕ್ಕಿಕೊಂಡ ಕಲ್ಲಿನಂತೆ ವಾರವಿಡೀ ಚುಚ್ಚುತ್ತಿತ್ತು.

ಈಗ ಕಾಗದದ ಮೇಲಿನ ಗೆರೆಯನ್ನು ನಾಲ್ಕು ತಿಂಗಳ ಹಿಂದಿನ ಗೆರೆಯ ಪಕ್ಕ ಇಟ್ಟು ನೋಡಿದಳು. ಡೊಂಕು ಹೆಚ್ಚಿತ್ತು. ಇನ್ನೂ ಹೆಚ್ಚಿದರೆ ಆಪರೇಶನ್ ಎಂದು ಡಾಕ್ಟರು ಆಗಲೇ ಹೇಳಿದ್ದರು. ಹುಡುಗಿಗೆ ಹಿಂದೆ ಮಾಡಿಕೊಟ್ಟಿದ್ದ ಬೆಲ್ಟನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಒಳಗಿನ ಮೆತ್ತೆ ನಿನ್ನೆ ಅಂಗಡಿಯಿಂದ ತಂದಂತಿತ್ತು.

"ದಿನಕ್ಕೆ ಎಷ್ಟು ಹೊತ್ತು ಹಾಕ್ಕೋತೀಯ?"

"ಇಪ್ಪತ್ತಮೂರು ಗಂಟೆ."

ಬಾಯಿಗೆ ಬಂದ ಉಕ್ಕನ್ನು ಅಕ್ಕ ನುಂಗಿಕೊಂಡಳು. ಸ್ಟೂಲು ಎಳೆದು ಎದುರಿಗೆ ಕೂತಳು. "ನಿಮ್ಮಮ್ಮ ಹೊರಗಿದ್ದಾರೆ. ಇಲ್ಲಿ ನಾನು, ನೀನು, ಈ ಒಲೆ. ಒಲೆ ಯಾರಿಗೂ ಹೇಳಲ್ಲ."

ಹುಡುಗಿ ನೆಲ ನೋಡಿದಳು. "ತಟ್ತಾರೆ," ಅಂದಳು.

"ಏನು ತಟ್ತಾರೆ?"

"ಬೆಲ್ಟನ್ನ. ಕ್ಲಾಸಲ್ಲಿ ಹಿಂದೆ ಕೂತೋರು. ಟಕ್ ಟಕ್ ಅಂತ ಬಾಗಿಲು ತಟ್ಟೋ ಹಂಗೆ ತಟ್ಟಿ 'ಒಳಗಡೆ ಯಾರಾದ್ರೂ ಇದ್ದೀರಾ?' ಅಂತಾರೆ. ದಿನಾ. ಸ್ಕೂಲಲ್ಲಿ ತೆಗೆದು ಬ್ಯಾಗಲ್ಲಿ ಇಡ್ತೀನಿ. ಆಮೇಲೆ ಮನೇಲೂ ನೋಡಿದ್ರೆ ಸಿಟ್ಟು ಬರತ್ತೆ. ಮಂಚದ ಕೆಳಗೆ ತಳ್ತೀನಿ." ಅವಳು ಮುಂಗೈಯಿಂದ ಕಣ್ಣು ಒರೆಸಿಕೊಂಡಳು. "ಆಪರೇಶನ್ನೇ ಮಾಡ್ಲಿ. ನಾನು ಹಾಕ್ಕೊಳ್ಳಲ್ಲ."

ಅಕ್ಕ ಹೊಸ ಬೆಲ್ಟು ಮಾಡಬಹುದಿತ್ತು. ಅದೂ ಮಂಚದ ಕೆಳಗೇ ಹೋಗುತ್ತಿತ್ತು. ಇಪ್ಪತ್ತಮೂರು ಎಂದು ನಿಯಮ ಮಾಡಿದವರು ಮೂಳೆ ನೋಡಿದ್ದರು, ಎಕ್ಸ್‌ರೇ ನೋಡಿದ್ದರು. ಹಿಂದಿನ ಬೆಂಚಿನ ಟಕ್ ಟಕ್ ಅವರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಏನು ಹೇಳುತ್ತಿದ್ದರು?

"ಸ್ಕೂಲಲ್ಲಿ ಬೇಡ," ಅಂದಳು ಅಕ್ಕ.

ಹುಡುಗಿ ತಲೆ ಎತ್ತಿದಳು.

"ಸ್ಕೂಲಿಗೆ ಬ್ಯಾಗಲ್ಲೂ ತಗೊಂಡು ಹೋಗ್ಬೇಡ. ಡಾಕ್ಟರ್ ಒಪ್ಪಬೇಕು, ಅವರನ್ನ ನಾನು ಕೇಳ್ತೀನಿ. ಆದ್ರೆ ಮನೆಗೆ ಬಂದ ತಕ್ಷಣ ಹಾಕ್ಕೋಬೇಕು. ಊಟ, ಓದು, ನಿದ್ದೆ, ಜಗಳ, ಎಲ್ಲಾ ಬೆಲ್ಟಲ್ಲೇ. ಸ್ನಾನಕ್ಕೆ, ವ್ಯಾಯಾಮಕ್ಕೆ ಸೇರಿ ಒಂದು ಗಂಟೆ ರಜ. ಇಲ್ಲಿಂದ ಆಚೆ ಒಂದು ನಿಮಿಷ ಚೌಕಾಸಿ ಇಲ್ಲ."

"ಸಿನಿಮಾಗೆ ಹೋದ್ರೆ?"

"ಬೆಲ್ಟೂ ಸಿನಿಮಾ ನೋಡ್ಲಿ."

ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು. ಕೈ ಮುಂದೆ ಚಾಚಿದಳು. ಪ್ಲಾಸ್ಟರ್ ಮೆತ್ತಿದ ಕೈಯಿಂದಲೇ ಅಕ್ಕ ಅದನ್ನು ಹಿಡಿದು ಕುಲುಕಿದಳು.

ಹುಡುಗಿ ಮಾತು ಉಳಿಸಿಕೊಂಡಳು. ಬೆನ್ನು ಆವತ್ತು ಎಲ್ಲಿತ್ತೋ ಅಲ್ಲೇ ನಿಂತಿತು, ಆಪರೇಶನ್ ಬೇಕಾಗಲಿಲ್ಲ. ಹದಿನಾರು ತುಂಬಿದ ಮೇಲೆ ಬೆಲ್ಟು ಕಳಚಿಟ್ಟಳು. ಆ ಹೊತ್ತಿಗೆ ಅದರ ಮೆತ್ತೆ ಎಷ್ಟು ಸವೆದಿತ್ತೆಂದರೆ ಅಕ್ಕ ಅದನ್ನು ಅಣ್ಣನಿಗೆ ತೋರಿಸಿ ಜಂಬ ಕೊಚ್ಚಿಕೊಂಡಳು. ಉಕ್ಕಿನ ಮಾತು ಅವಳನ್ನು ಪೂರ್ತಿ ಬಿಟ್ಟುಹೋಯಿತು ಅಂತಲ್ಲ. ಬೈಯುವ ಮೊದಲು ಸ್ಟೂಲು ಎಳೆದು ಕೂರುವುದು ಹೊಸದಾಗಿ ಸೇರಿಕೊಂಡಿತು, ಅಷ್ಟೆ.

ಆದರೆ ಆ ಬೆಳಗ್ಗೆ ಇದ್ಯಾವುದೂ ಗೊತ್ತಿರಲಿಲ್ಲ. ತಾಯಿ ಮಗಳಿಬ್ಬರನ್ನೂ ಹೊರಗೆ ಕೂರಿಸಿ, ಏಪ್ರನ್ ಬಿಚ್ಚಿಟ್ಟು, ಅಕ್ಕ ಮಹಡಿ ಹತ್ತಿ ಡಾಕ್ಟರ ಕೋಣೆಗೆ ಹೋದಳು. ಗಂಟೆ ಇಳಿಸುವುದು ತನ್ನ ಕೈಯಲ್ಲಿಲ್ಲ, ತನ್ನದಲ್ಲದ ಮಾತು ಆಡಲು ಹೊರಟಿದ್ದೇನೆ ಎಂಬ ಅರಿವು ಅವಳಿಗಿತ್ತು. ತಟ್ಟುವ ಕಥೆಯನ್ನೂ ಒಪ್ಪಂದವನ್ನೂ ಒಂದೂ ಬಿಡದೆ ಹೇಳಿದಳು. ಡಾಕ್ಟರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಅಕ್ಕಾ, ನೀವೇ ಹಿಂಗಂದ್ರೆ ಹೇಗೆ? ಹದಿನೆಂಟು ಗಂಟೆಗಿಂತ ಕಡಿಮೆ ಆದ್ರೆ ನಂಗೆ ಧೈರ್ಯ ಇಲ್ಲ."

"ಈಗ ಮಂಚದ ಕೆಳಗಿದೆ ಸಾರ್."

ಡಾಕ್ಟರು ಪೆನ್ನು ಎತ್ತಿಕೊಂಡರು. "ಸರಿ. ಸುತ್ತಿಬಳಸಿ ಹೇಳೋದು ಬೇಡ. ಈ ಹುಡುಗಿ ನಿಜವಾಗಿ ಎಷ್ಟು ಗಂಟೆ ಹಾಕ್ಕೋತಾಳೆ?"

ಹದಿನೆಂಟು ಅಂದುಬಿಟ್ಟಿದ್ದರೆ ಅವರು ತಕ್ಷಣ ಸಹಿ ಹಾಕುತ್ತಿದ್ದರು. ಒಂದು ಗಂಟೆಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಕ್ಕ ಮನಸ್ಸಿನಲ್ಲೇ ಇನ್ನೊಮ್ಮೆ ಶಾಲೆಯ ಆರು ಗಂಟೆ ಕಳೆದಳು, ಸ್ನಾನ ವ್ಯಾಯಾಮದ ಒಂದು ಗಂಟೆಯನ್ನೂ ಕಳೆದಳು.

"ಹದಿನೇಳು," ಅಂದಳು.